ಮಗಳ ನೆತ್ತಿಯಿಂದ ಬಂದ ಗೆರೆ

ಮಗಳು ಹುಟ್ಟಿದಾಗ ಅಳಲಿಲ್ಲ. ಇದು ನನಗೆ ಗೊತ್ತಾದದ್ದು ಬೇರೆಯವರ ಬಾಯಿಂದ. ನನ್ನ ಸೊಂಟದ ಕೆಳಗೆ ಮರಗಟ್ಟಿತ್ತು, ಎದೆಯ ಮುಂದೆ ಹಸಿರು ಬಟ್ಟೆ ಇಳಿಬಿಟ್ಟಿದ್ದರು. ಬಟ್ಟೆಯ ಆಚೆ ಯಾರೋ ಓಡಿದರು, ಯಾರೋ ಏನನ್ನೋ ಬೇಗ ಕೊಡಿ ಎಂದರು. ನಾನು ಅಳುವಿಗಾಗಿ ಕಾದೆ. ಎಷ್ಟು ಹೊತ್ತು ಕಾದೆ ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಕೇಳುವವರ ಮುಖ ನೋಡಿ ಹೊತ್ತು ಹೆಚ್ಚುಕಡಿಮೆ ಆಗುತ್ತಿತ್ತು.

ಆಮೇಲೆ ಆಂಬುಲೆನ್ಸ್. ಮಗುವನ್ನು ದೊಡ್ಡಬಳ್ಳಾಪುರದಿಂದ ಬೆಂಗಳೂರು ದಾರಿಯ ದೊಡ್ಡ ಆಸ್ಪತ್ರೆಗೆ ಒಯ್ದಾಗ ನಾನು ಕಿಟಕಿಯಿಂದ ನೋಡಿದೆ, ಹಿಂದಿನ ಬಾಗಿಲು ಸರಿಯಾಗಿ ಮುಚ್ಚದೆ ಎರಡು ಸಲ ಬಡಿದರು, ಎಂದು ಎರಡು ವರ್ಷ ಹೇಳುತ್ತಾ ಬಂದೆ. ಈಚೆಗೆ ತಂಗಿಯ ಹೆರಿಗೆಗೆಂದು ದೊಡ್ಡಬಳ್ಳಾಪುರದ ಅದೇ ಆಸ್ಪತ್ರೆಗೆ, ನಾನಿದ್ದ ಅದೇ ಕೋಣೆಗೆ ಹೋದೆ. ಆ ಕೋಣೆಗೆ ರಸ್ತೆಯ ಕಡೆ ಕಿಟಕಿಯೇ ಇಲ್ಲ. ಬಾಗಿಲು ಎರಡು ಸಲ ಬಡಿದದ್ದನ್ನು ನೋಡಿದವನು ನನ್ನ ಗಂಡ. ಅವನು ಹೇಳಿದ್ದನ್ನು ನಾನು ಯಾವಾಗಲೋ ನನ್ನ ಕಣ್ಣಿಗೆ ಹಾಕಿಕೊಂಡುಬಿಟ್ಟಿದ್ದೆ.

ಹಾಗಾಗಿ ಇಲ್ಲಿ ಬರೆಯುವುದನ್ನು ನೀವೂ ಪೂರ್ತಿ ನಂಬಬೇಡಿ. ಒಂದು ವಿಡಿಯೋ ಮಾತ್ರ ಇದೆ, ಐವತ್ತು ಸೆಕೆಂಡಿನದು. ಅದು ನನ್ನ ಮಾತಿಗೆ ಬಗ್ಗುವುದಿಲ್ಲ.

ಹುಟ್ಟುವಾಗ ಮಗುವಿನ ಮಿದುಳಿಗೆ ಉಸಿರು ಸಾಲದೆ ಹೋಗಿತ್ತು. ಎಷ್ಟು ಪೆಟ್ಟಾಗಿದೆ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ನನ್ನ ಗಂಡನನ್ನು ಕೂರಿಸಿಕೊಂಡು ಹೇಳಿದ್ದನ್ನು ಅವನು ನನಗೆ ಫೋನಿನಲ್ಲಿ ಒಪ್ಪಿಸಿದ: "ಬದುಕ್ತಾಳಾ ಅನ್ನೋದು ಒಂದಂತೆ. ಬದುಕಿದ್ರೆ ನಮ್ಮನ್ನ ಗುರುತು ಹಿಡೀತಾಳಾ, ನಡೀತಾಳಾ, ಮಾತಾಡ್ತಾಳಾ ಅನ್ನೋದು ಇನ್ನೊಂದಂತೆ. ಎರಡನೇದು ಈಗ್ಲೇ ಹೇಳಕ್ಕಾಗಲ್ವಂತೆ." ಪೆಟ್ಟು ಹರಡದಿರಲಿ ಎಂದು ಮೂರು ದಿನ ಮಗುವನ್ನು ತಣ್ಣನೆಯ ಹಾಸಿನ ಮೇಲೆ ಮಲಗಿಸುತ್ತಾರೆ, ತಲೆಗೆ ಸಣ್ಣ ವೈರುಗಳನ್ನು ಅಂಟಿಸಿ ಮಿದುಳಿನ ಅಲೆಗಳನ್ನು ಹಗಲೂ ರಾತ್ರಿ ನೋಡುತ್ತಾರೆ ಎಂದ.

ತಣ್ಣನೆಯ ಹಾಸು ಎಂಬ ಮಾತು ನಮ್ಮತ್ತೆಯ ಕಿವಿಗೆ ಬಿದ್ದದ್ದೇ ತಡ, ನನ್ನ ಕೈಯಿಂದ ಫೋನ್ ಕಸಿದುಕೊಂಡರು.

"ಏನೋ ಹೇಳ್ತಿದೀಯ ನೀನು? ಹಸಿ ಮಗೂನ ಥಂಡೀಲಿ ಮಲಗ್ಸಿದಾರಾ?"

"ಬೇಕೂಂತ್ಲೇ ಹಂಗೆ ಮಾಡ್ತಾರಂತೆ ಅಮ್ಮ. ಅದೇ ಟ್ರೀಟ್‌ಮೆಂಟು."

"ನಿನ್ನ ಹೆತ್ತಾಗ ಕೆಂಡ ಹಾಕ್ಕೊಂಡು ಕೂತಿದ್ದೆ ಕಣೋ ನಾನು. ತಲೆಗೆ ಟೋಪಿನಾದ್ರೂ ಹಾಕವ್ರಾ?"

"ತಲೆ ತುಂಬಾ ವೈರೈತೆ."

ಅತ್ತೆ ಫೋನನ್ನು ನನಗೆ ವಾಪಸ್ ಕೊಟ್ಟರು.

ಗಂಡ ಕಳಿಸಿದ ಫೋಟೋಗಳಲ್ಲಿ ಮಗುವಿನ ಮುಖಕ್ಕಿಂತ ಹೆಚ್ಚಾಗಿ ಆ ಪರದೆಯೇ ಇತ್ತು. ಕಪ್ಪು ಪರದೆ, ಅದರ ಮೇಲೆ ಎಡದಿಂದ ಬಲಕ್ಕೆ ಹರಿಯುವ ಗೆರೆಗಳು. (ಗೆರೆ ಹಸಿರು ಎಂದು ನನ್ನ ನೆನಪು. ನೀಲಿ ಎಂದು ಗಂಡನ ವಾದ. ವಿಡಿಯೋದಲ್ಲಿ ಅದು ಬೆಳ್ಳಗಿದೆ.) ಮೊದಲ ದಿನದ ಫೋಟೋದಲ್ಲಿ ಗೆರೆ ಬಹುಪಾಲು ಮಲಗಿತ್ತು, ಅಲ್ಲೊಂದು ಇಲ್ಲೊಂದು ಏಟು ತಿಂದಂತೆ ಎದ್ದು ಮತ್ತೆ ಬೀಳುತ್ತಿತ್ತು. ಎರಡನೇ ದಿನ ಸ್ವಲ್ಪ ಹೆಚ್ಚು ಎದ್ದಿತ್ತು, ಆದರೆ ಸಿಕ್ಕುಸಿಕ್ಕಾಗಿ, ಒಂದರಂತೆ ಇನ್ನೊಂದು ಇಲ್ಲದೆ.

ಆ ಫೋಟೋಗಳನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವರು ನಮ್ಮ ಮಾವ. ಮನೆಯ ಹಿಂದೆ ಅವರದು ನಾಲ್ಕು ಪವರ್‌ಲೂಮುಗಳ ಶೆಡ್ಡು. ಹುಡುಗನಾಗಿದ್ದಾಗಿನಿಂದ ಸೀರೆ ನೇಯ್ದವರು. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಲೇ, ಕಿವುಡು ಮಾಡುವಂಥ ಆ ಸದ್ದಿನ ನಡುವೆ, "ಮೂರನೇದ್ರಲ್ಲಿ ಎಳೆ ಹೋಯ್ತು ನೋಡ್ರೋ" ಎನ್ನುತ್ತಾರೆ. ಹೋಗಿ ನೋಡಿದರೆ ಹೋಗಿರುತ್ತದೆ. ನಾನು ನಂದಗುಡಿ ಕಡೆಯವಳು, ರಾಗಿ ಹೊಲದ ಮನೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಎಲ್ಲ ಮಗ್ಗಗಳೂ ಒಂದೇ ಗದ್ದಲ. ಬಟ್ಟೆಯ ವಿಷಯದಲ್ಲಿ, ಗೆರೆಯ ವಿಷಯದಲ್ಲಿ, ಮಾವ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡು ನಾಲ್ಕು ವರ್ಷವಾಗಿತ್ತು.

ಅವರು ಕನ್ನಡಕ ಹಣೆಗೇರಿಸಿ, ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇನ್ನೂ ಕೂತಿಲ್ಲ," ಎಂದರು. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದದ ಎಳೆಗಳನ್ನು, ಹಾಕಿ ಡಿಸೈನು ಸರಿಯಾಗಿ ಬರುವ ತನಕ ಅವರು ಹೇಳುವ ಮಾತು ಅದು. ಬುಟ್ಟಾ ಒಂದು ಕಡೆ ದೊಡ್ಡದು, ಒಂದು ಕಡೆ ಸಣ್ಣದು ಬಂದರೆ ಕೂತಿಲ್ಲ. ಎಲ್ಲವೂ ಒಂದೇ ಅಳತೆಗೆ, ಒಂದೇ ಅಂತರಕ್ಕೆ ಬಂದರೆ ಕೂತಿತು.

ಮೂರು ದಿನ ತುಂಬಿದ ಬೆಳಗ್ಗೆ ಮಗುವನ್ನು ನಿಧಾನವಾಗಿ ಬೆಚ್ಚಗೆ ಮಾಡಲು ಶುರುಮಾಡಿದರು. ಅದೇ ಬೆಳಗ್ಗೆ ನಾನು ಹಟ ಮಾಡಿ ಡಿಸ್ಚಾರ್ಜ್ ಬರೆಸಿಕೊಂಡೆ. ಮಾವ ಪರಿಚಯದವರ ಕಾರು ತಂದರು. ಹಂಪು ಬಂದಾಗಲೆಲ್ಲ ಮುಂದಿನ ಸೀಟಿನಿಂದ ಡ್ರೈವರಿಗೆ, "ಗುರುವೇ, ಮೆಲ್ಲಗೆ, ಹೊಲಿಗೆ ಐತೆ," ಎಂದು ಎಚ್ಚರಿಸುತ್ತಿದ್ದರು. ಡ್ರೈವರ್ ಕೊನೆಗೆ, "ನಿಮಗಾ ಅಮ್ಮಂಗಾ ಹೊಲಿಗೆ ಹಾಕಿರೋದು?" ಎಂದ. ನಾನು ನಕ್ಕೆ, ಹೊಲಿಗೆ ನೋಯಿತು.

ನಾವು ತಲುಪುವಾಗ ಮಧ್ಯಾಹ್ನ. ಗಂಡ ಯಾವುದೋ ಔಷಧಿ ತರಲು ಹೊರಗೆ ಹೋಗಿದ್ದ. ಒಳಗೆ ತಂದೆ ತಾಯಿಗಷ್ಟೇ ಪ್ರವೇಶ. ಆದರೆ ನಾನು ಗೋಡೆ ಹಿಡಿದು ನಡೆಯುವುದನ್ನು ನೋಡಿದ ಸಿಸ್ಟರ್, "ಅಜ್ಜ, ನೀವು ಕೈ ಹಿಡ್ಕೊಂಡು ಬನ್ನಿ, ಹತ್ತು ನಿಮಿಷ ಅಷ್ಟೇ," ಎಂದರು. ಕೈ ತೊಳೆದೆವು, ಗೌನು ಹಾಕಿಕೊಂಡೆವು. ಮಾವನ ಗೌನಿನ ಲಾಡಿಯನ್ನು ಹಿಂದಿನಿಂದ ನಾನೇ ಕಟ್ಟಿದೆ. ಫೋನು ತರಬಾರದೆಂದು ಬೋರ್ಡು ಇತ್ತು, ನಾನು ತಂದಿದ್ದೆ.

ಮಗಳನ್ನು ನಾನು ಮೊದಲ ಸಲ ನೋಡಿದ್ದು ಹಾಗೆ. ಬಾಯಲ್ಲಿ ಉಸಿರಿನ ಕೊಳವೆ, ಹೊಕ್ಕುಳಲ್ಲಿ ಒಂದು ಕೊಳವೆ, ತಲೆಗೆ ಅಂಟಿಸಿದ ವೈರುಗಳು ಒಂದು ಸಣ್ಣ ಜಡೆಯಾಗಿ ಮಂಚದಾಚೆ ಇಳಿದು ಯಂತ್ರಕ್ಕೆ ಹೋಗಿದ್ದವು. ಕಣ್ಣು ಮುಚ್ಚಿತ್ತು. ಪಾದ ಮುಟ್ಟಿದೆ. ಬಾವಿಯಿಂದ ಆಗತಾನೆ ತೆಗೆದ ಕೊಡದ ಹಾಗೆ ತಣ್ಣಗಿತ್ತು. ಬದುಕಿರುವ ಮೈ ಅಷ್ಟು ತಣ್ಣಗಿರಬಹುದೆಂದು ನನ್ನ ಬೆರಳಿಗೆ ಗೊತ್ತಿರಲಿಲ್ಲ. ಎಷ್ಟು ಕರೆದರೂ ಅವಳು ಏನೂ ಮಾಡಲಿಲ್ಲ. ಹುಬ್ಬು ಕೂಡ ಅಲುಗಲಿಲ್ಲ.

ಆದರೆ ಪಕ್ಕದಲ್ಲಿ, ಪರದೆಯ ಮೇಲೆ, ಅವಳು ಬರೆಯುತ್ತಿದ್ದಳು.

ಬೇರೆ ಹೇಗೆ ಹೇಳಲಿ? ಕಣ್ಣು ಬಿಡದ, ಅಳಲಾಗದ, ಬೆರಳು ಮಡಿಸದ ಮಗುವಿನ ತಲೆಯ ಒಳಗಿಂದ, ಚರ್ಮ ದಾಟಿ, ಕೂದಲು ದಾಟಿ, ಅಂಟಿನ ಒಂದು ಹನಿ ದಾಟಿ ಏನೋ ಹೊರಗೆ ಬರುತ್ತಿತ್ತು. ನನ್ನ ಅಂಗೈಯಷ್ಟಿದ್ದ ತಲೆ. ಮೂರು ದಿನದ ಹಿಂದೆ ನನ್ನ ಹೊಟ್ಟೆಯಲ್ಲಿದ್ದ ತಲೆ. ಆಗಲೂ ಅದು ಹೀಗೇ ಬರೆಯುತ್ತಿತ್ತೇ? ನಾನು ರಾಗಿಮುದ್ದೆ ತಿನ್ನುವಾಗ, ಬಸ್ಸಿನಲ್ಲಿ ತೂಕಡಿಸುವಾಗ, ನನ್ನೊಳಗೆ ಇನ್ನೊಬ್ಬರ ಗೆರೆ ಹರಿಯುತ್ತಿತ್ತೇ? ಹೀಗೆಲ್ಲ ಅಲ್ಲಿ ನಿಂತಾಗಲೇ ಯೋಚಿಸಿದೆ ಎಂದು ಬರೆಯಲು ಕೈ ಮುಂದಾಗುತ್ತಿದೆ. ಸುಳ್ಳು. ಆಗ ಹೊಲಿಗೆ ಎಳೆಯುತ್ತಿತ್ತು, ಎದೆಹಾಲು ಸೋರಿ ಗೌನು ಒದ್ದೆಯಾಗಿತ್ತು. ಯೋಚನೆ ಆಮೇಲೆ ಬಂತು.

ಆಗ ಮಾವ ನನ್ನ ಭುಜ ಮುಟ್ಟಿದರು.

"ನೋಡಮ್ಮಾ," ಎಂದರು. "ನೋಡು, ಕೂತ್ಕೊಂತು."

ಫೋಟೋಗಳ ಸಿಕ್ಕುಸಿಕ್ಕು ಗೆರೆ ಅಲ್ಲಿರಲಿಲ್ಲ. ಒಂದು ಏರು, ಒಂದು ಇಳಿ, ಅಷ್ಟೇ ದೂರದಲ್ಲಿ ಮತ್ತೊಂದು ಏರು, ಮತ್ತೊಂದು ಇಳಿ. ಒಂದಕ್ಕೊಂದು ಅಳೆದಂತೆ. ಸೀರೆಯ ಅಂಚಿನ ಮೇಲೆ ಸಾಲಾಗಿ ನಡೆಯುವ ಗೋಪುರಗಳಂತೆ. ಮಾವನ ಮುಖ ನೋಡಿದೆ. ಹೊಸ ಡಿಸೈನಿನ ಮೊದಲ ಮೊಳ ಬಟ್ಟೆ ತಪ್ಪಿಲ್ಲದೆ ಬಂದಾಗ ಇರುವ ಮುಖ.

"ವಿಡಿಯೋ ತಗೋ," ಎಂದರು. "ನಿಮ್ಮತ್ತೆಗೆ ತೋರ್ಸಣ. ಬಿಸಿ ತಾಗಿದ್ದೇ ತಡ ಸರಿಹೋಯ್ತು ನೋಡು."

ತೆಗೆದೆ.

ಈಗ ಆ ವಿಡಿಯೋದಲ್ಲಿ ಏನಿದೆಯೋ ಅದನ್ನಷ್ಟೇ ಬರೆಯುತ್ತೇನೆ. ಮೊದಲು ಪರದೆ, ಅಲುಗಾಡುತ್ತಾ. ಯಂತ್ರಗಳ ಟೀಂ ಟೀಂ. ಮಾವನ ದನಿ: "ಪೂರ್ತಿ ಬರ್ಲಿ, ಆ ಕೊನೆಯಿಂದ ಹಿಡಿ." ಗೆರೆ ಹರಿಯುತ್ತದೆ, ಅಂದವಾಗಿ. ಆಮೇಲೆ ಫೋನು ಕೆಳಗೆ ಇಳಿದು ಮಗುವಿನ ಕಿವಿ, ಕೆನ್ನೆ, ಮುಚ್ಚಿದ ಕಣ್ಣು. ಮಗು ಪೂರ್ತಿ ಶಾಂತ. ಆಮೇಲೆ ಒಂದು ನಗು, ಸಣ್ಣದು, ಮೂಗಿನಿಂದ ಬಂದದ್ದು. ನಕ್ಕದ್ದು ನಾನು. ನಕ್ಕದ್ದು ನನಗೆ ನೆನಪೇ ಇಲ್ಲ. ಅದು ಯಾರೋ ಬೇರೆ ಹೆಂಗಸಿನ ನಗು ಎಂದು ಗಂಡನ ಹತ್ತಿರ ವಾದಿಸಿದ್ದೇನೆ. "ಅಲ್ಲಿ ಇನ್ಯಾವ ಹೆಂಗಸಿದ್ಲು?" ಎಂದು ಅವನು ಕೇಳಿದ. ಕೊನೆಗೆ ಸಿಸ್ಟರ್ ದನಿ, ದೂರದಿಂದ: "ಅಮ್ಮಾ, ಫೋನ್ ಇಡಿ" ಎಂದು ಶುರುವಾಗಿ ಅರ್ಧಕ್ಕೆ ನಿಲ್ಲುತ್ತದೆ. ಅಲ್ಲಿಗೆ ವಿಡಿಯೋ ಮುಗಿಯಿತು.

ಸಿಸ್ಟರ್ ಮಾತು ನಿಲ್ಲಿಸಿದ್ದು ಪರದೆ ನೋಡಿ. ಅವರು ಪಕ್ಕದ ಮಗುವಿನ ಕೊಳವೆ ಸರಿಮಾಡುತ್ತಿದ್ದವರು ಎರಡೇ ಹೆಜ್ಜೆಗೆ ನಮ್ಮ ಹತ್ತಿರ ಬಂದರು. ಮಗುವಿನ ಮುಖ ನೋಡಲಿಲ್ಲ. ಗೆರೆಯನ್ನೇ ನೋಡುತ್ತಾ ಒಂದು ಗುಂಡಿ ಒತ್ತಿ ಗುರುತು ಹಾಕಿದರು, "ಮ್ಯಾಡಮ್, ಸೀಶರ್!" ಎಂದು ಕೂಗಿದರು. ಡಾಕ್ಟರಮ್ಮ ಬಂದರು. ಡ್ರಿಪ್ಪಿನ ಕೊಳವೆಗೆ ಯಾವುದೋ ಔಷಧಿ ಹೋಯಿತು. ನಮ್ಮನ್ನು ಗೋಡೆಯ ಕಡೆ ಸರಿಸಿದರು. ಸ್ವಲ್ಪ ಹೊತ್ತಿಗೆ ಆ ಗೋಪುರಗಳು ಬಿಡಿಬಿಡಿಯಾದವು, ಕುಸಿದವು, ಗೆರೆ ಮತ್ತೆ ತಗ್ಗಿನಲ್ಲಿ ಮಲಗಿತು. ಇಷ್ಟೆಲ್ಲ ಆಗುವಾಗ ಮಗುವಿನ ಮೈಯಲ್ಲಿ ಏನೂ ಆಗಲಿಲ್ಲ. ಕೈ ಸೆಳೆಯಲಿಲ್ಲ, ಕಾಲು ನಡುಗಲಿಲ್ಲ. ಆ ವೈರುಗಳಿಲ್ಲದಿದ್ದರೆ ಅದು ನಿದ್ದೆ ಮಾಡುತ್ತಿರುವ ಮಗು.

"ಏನಾಯ್ತು ಡಾಕ್ಟ್ರೇ?" ಎಂದು ಮಾವ ಕೇಳಿದರು. "ಈಗ್ತಾನೆ ಚೆನ್ನಾಗಿತ್ತಲ್ಲ?"

"ಅದು ಚೆನ್ನಾಗಿದ್ದಿದ್ದಲ್ಲ ಅಜ್ಜ. ಫಿಟ್ಸು."

"ಫಿಟ್ಸ್ ಅಂದ್ರೆ ಒದ್ದಾಡ್ತಾರಲ್ಲ?"

"ಇಷ್ಟು ಚಿಕ್ಕ ಮಕ್ಕಳಲ್ಲಿ ಎಷ್ಟೋ ಸಲ ಹೊರಗೆ ಏನೂ ಕಾಣಲ್ಲ. ಒಳಗೇ ನಡೀತಿರುತ್ತೆ. ಅದಕ್ಕೇ ಈ ಮಿಷಿನ್ ಇಟ್ಟಿರೋದು."

"ಅಲ್ಲ, ಎಷ್ಟು ಸಮವಾಗಿ ಬರ್ತಿತ್ತು..."

ಡಾಕ್ಟರಮ್ಮ ಮೊದಲ ಸಲ ಅವರ ಕಡೆ ಪೂರ್ತಿ ತಿರುಗಿದರು. ನನ್ನ ವಯಸ್ಸಿನವರೇ. ಕಣ್ಣಿನ ಕೆಳಗೆ ಮಾಸ್ಕಿನ ಗೆರೆ ಮೂಡಿತ್ತು.

"ಏನ್ ಕೆಲಸ ಮಾಡ್ತೀರ ಅಜ್ಜ?"

"ಮಗ್ಗ."

"ಹಾಂ." ಅವರು ಬೈಯಲಿಲ್ಲ. "ಸಂತೇಲಿ ನಿಂತ್ರೆ ಹೆಂಗೆ ಕೇಳುತ್ತೆ ಹೇಳಿ? ಒಬ್ಬೊಬ್ಬರದು ಒಂದೊಂದು ಮಾತು, ಬರೀ ಗಜಿಬಿಜಿ. ಮಿದುಳು ಹಂಗಿದ್ರೆ ಅದು ಆರೋಗ್ಯ. ಇದ್ದಕ್ಕಿದ್ದಂಗೆ ಸಂತೆ ಜನ ಎಲ್ಲ ಒಂದೇ ಮಾತನ್ನ ಒಂದೇ ಸಲಕ್ಕೆ ಕೂಗಕ್ಕೆ ಶುರು ಮಾಡಿದ್ರೆ?"

"ಏನೋ ಆಗೈತೆ ಅಂತ," ಎಂದರು ಮಾವ.

"ಅದೇ ನೀವು ನೋಡಿದ್ದು."

ಮಾವ ಹೊರಗೆ ಹೋಗಿ ಕಾರಿಡಾರಿನ ಉಕ್ಕಿನ ಕುರ್ಚಿಯಲ್ಲಿ ಕೂತರು. ಗೌನು ಬಿಚ್ಚುವುದನ್ನೂ ಮರೆತಿದ್ದರು. ಗಂಡ ಔಷಧಿ ಹಿಡಿದು ಬಂದವನು ಅವರನ್ನು ನೋಡಿ ಮಗು ಹೋಯಿತೆಂದೇ ತಿಳಿದು ಬಾಗಿಲಲ್ಲೇ ನಿಂತುಬಿಟ್ಟ. "ಇದಾಳೆ, ಇದಾಳೆ," ಎಂದು ನಾನು ಕೂಗಬೇಕಾಯಿತು.

"ನಾನು ಸಿಸ್ಟರ್‌ನ ಕರೀಬೇಕಿತ್ತು," ಎಂದರು ಮಾವ, ಇಬ್ಬರಿಗೂ ಕೇಳುವಂತೆ. "ಕರೀದೆ ವಿಡಿಯೋ ತಗೋ ಅಂದೆ. ಮಗು ಒಳಗೊಳಗೇ ಬೇಯ್ತಿತ್ತು, ನಾನು ಅಂಚು ನೋಡ್ತಾ ನಿಂತಿದ್ದೆ."

ನನಗೂ ಗೊತ್ತಿರಲಿಲ್ಲ ಮಾವ ಎಂದು ನಾನು ಅವರ ಪಕ್ಕ ಕೂತೆ. ಇದು ನನ್ನ ನೆನಪು. ಗಂಡನ ಪ್ರಕಾರ ನಾನು ಒಂದು ಮಾತೂ ಆಡಲಿಲ್ಲ, ಅವರ ಕಡೆ ಬೆನ್ನು ಮಾಡಿ ನಿಂತಿದ್ದೆ. ನನ್ನದು ನಿಜವಾಗಿರಲಿ ಎಂದು ಆಸೆ. ಆಸೆ ಇದೆ ಎಂಬ ಕಾರಣಕ್ಕೇ ಅದರ ಮೇಲೆ ಅನುಮಾನ.

ಆ ದಿನ ಇನ್ನೂ ಎರಡು ಸಲ ಗೋಪುರಗಳು ಬಂದವು. ಔಷಧಿ ಹೆಚ್ಚಿಸಿದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ, ಆದರೆ ಗೆರೆ ಬಹಳ ತಗ್ಗಿನಲ್ಲಿತ್ತು. ಅದು ಔಷಧಿಯಿಂದಲೋ ಪೆಟ್ಟಿನಿಂದಲೋ ಹೇಳಲಾಗದು, ಕಾಯಬೇಕು ಎಂದರು ಡಾಕ್ಟರಮ್ಮ. ನಾನು ಕಾದೆ. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಪರದೆ ನೋಡುತ್ತಾ, ಗೆರೆ ಕೆಟ್ಟದಾಗಿರಲಿ, ಸೊಟ್ಟಪಟ್ಟ ಇರಲಿ, ಒಂದರಂತೆ ಇನ್ನೊಂದು ಇಲ್ಲದಿರಲಿ ಎಂದು ಬೇಡಿಕೊಂಡೆ. ಯಾವ ದೇವರೂ ಇಂಥ ಬೇಡಿಕೆ ಕೇಳಿರಲಿಕ್ಕಿಲ್ಲ.

ಮಾವ ದಿನಾ ಬರುತ್ತಿದ್ದರು, ಒಳಗೆ ಮಾತ್ರ ಬರುತ್ತಿರಲಿಲ್ಲ. ಅತ್ತೆ ಕಟ್ಟಿಕೊಟ್ಟ ಮೆಣಸಿನ ಸಾರು, ಅನ್ನ ಕೊಟ್ಟು ಅದೇ ಉಕ್ಕಿನ ಕುರ್ಚಿಯಲ್ಲಿ ಕೂರುತ್ತಿದ್ದರು. ಶೆಡ್ಡಿನಲ್ಲಿ ಎರಡು ಮಗ್ಗ ನಿಲ್ಲಿಸಿದ್ದಾರೆಂದು ಅತ್ತೆ ಫೋನಿನಲ್ಲಿ ಹೇಳಿದರು. "ನಿಮ್ಮಾವ ಸದ್ದು ಬ್ಯಾಡ ಅಂತಾರೆ ಕಣಮ್ಮ. ನಲವತ್ತು ವರ್ಷ ಇಲ್ಲದ್ದು ಈಗ ಸದ್ದು ಬ್ಯಾಡ್ವಂತೆ."

ಆರನೇ ದಿನ ಬೆಳಗ್ಗೆ ಅದೇ ಸಿಸ್ಟರ್ ಡ್ಯೂಟಿಗೆ ಬಂದರು. ಅವರು ಹತ್ತಿರದ ಹಳ್ಳಿಯವರು, ದಿನಾ ಸ್ಕೂಟರಿನಲ್ಲಿ ಬರುತ್ತಿದ್ದರು. ಹೆಲ್ಮೆಟ್ಟಿನಿಂದ ಚಪ್ಪಟೆಯಾದ ಕೂದಲನ್ನು ಟೋಪಿಯೊಳಗೆ ತುರುಕಿಕೊಳ್ಳುತ್ತಾ ಯಂತ್ರದ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ. ನಾನು ಸ್ಟೂಲಿನಿಂದ ಎದ್ದೆ.

"ಮತ್ತೆ ಬಂತಾ ಸಿಸ್ಟರ್?"

"ಬನ್ನಿ ಇಲ್ಲಿ," ಎಂದರು.

ಪರದೆಯ ಕೆಳಭಾಗದಲ್ಲಿ ಇನ್ನೊಂದು ಪಟ್ಟಿ ಇತ್ತು. ಗಂಟೆಗಟ್ಟಲೆಯ ಅಲೆಗಳನ್ನು ಒತ್ತಿ ಒಂದು ಗೇಣಿನೊಳಗೆ ತೋರಿಸುವ ಪಟ್ಟಿ. ಅದುವರೆಗೆ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ. ಸಿಸ್ಟರ್ ಅದನ್ನು ಹಿಂದಕ್ಕೆ ಸರಿಸಿ ಬೆರಳಿಟ್ಟರು.

"ಇಲ್ಲಿ ಪಟ್ಟಿ ಅಗಲ ಆಗಿದೆ, ಕಾಣ್ತಿದ್ಯಾ? ಇಲ್ಲಿ ಕಿರಿದಾಯ್ತು. ಮತ್ತೆ ಅಗಲ. ಮತ್ತೆ ಕಿರಿದು."

"ಅಂದ್ರೆ?"

"ಅಗಲ ಇರೋ ಕಡೆ ಗಾಢ ನಿದ್ದೆ. ಕಿರಿದಾಗಿರೋ ಕಡೆ ಎಚ್ಚರ ಆಗ್ತಾವ್ಳೆ. ನಿದ್ದೆ, ಎಚ್ಚರ, ನಿದ್ದೆ. ನೆನ್ನೆವರ್ಗೂ ಎರಡೂ ಇರ್ಲಿಲ್ಲ ಇವಳಿಗೆ."

"ಕಣ್ಣೇ ಬಿಟ್ಟಿಲ್ವಲ್ಲ ಸಿಸ್ಟರ್, ಎಚ್ಚರ ಅಂತೀರ?"

"ಬೆಳಗ್ಗೆ ಅಲಾರಂ ಹೊಡೆದಾಗ ನೀವು ತಕ್ಷಣ ಕಣ್ಣು ಬಿಡ್ತೀರಾ? ನಾನಂತೂ ಬಿಡಲ್ಲಪ್ಪ."

ಈ ಮಾತಿಗೆ ಅವರ ನಗು ನೆನಪಿದೆ. ನಾನು ಏನು ಮಾಡಿದೆ ಗೊತ್ತಿಲ್ಲ. ಆ ಪಟ್ಟಿ ಮಾತ್ರ ಗೊತ್ತು. ರಾತ್ರಿ ನಾವು ಹೊರಗೆ ಕಾಯುತ್ತಿದ್ದಾಗ, ಅತ್ತು ಸುಸ್ತಾಗಿ ಒಬ್ಬರ ಭುಜದ ಮೇಲೊಬ್ಬರು ತೂಗುತ್ತಿದ್ದಾಗ, ಒಳಗೆ ಆ ಅಂಗೈಯಗಲದ ತಲೆಯಲ್ಲಿ ಯಾರೂ ಹೇಳಿಕೊಡದೆ ನಿದ್ದೆ ತಾನಾಗಿ ಬಂದಿತ್ತು, ಹೋಗಿತ್ತು, ಮತ್ತೆ ಬಂದಿತ್ತು. ಒಬ್ಬ ಮನುಷ್ಯನೊಳಗೆ ಮೊದಲ ಬೆಳಗಾಗುವುದನ್ನು ನಾನು ನೋಡಿದ್ದೇನೆ. ಸ್ವಂತ ಬೆಳಗನ್ನು ಹಾಗೆ ಯಾರೂ ನೋಡಿರುವುದಿಲ್ಲ.

ಡಾಕ್ಟರಮ್ಮ ಬಂದು ನೋಡಿ, "ಒಳ್ಳೆ ಗುರುತು," ಎಂದರು. "ಗ್ಯಾರಂಟಿ ಅಲ್ಲ. ಒಳ್ಳೆ ಗುರುತು."

ಮಾವನನ್ನು ಒಳಗೆ ಕಳಿಸಿ ಎಂದು ಸಿಸ್ಟರೇ ಹೇಳಿದರು. ಅವರು ಬಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಮಂಚದಿಂದ ಎರಡಡಿ ದೂರ ನಿಂತರು. ಬಹಳ ಹೊತ್ತು ನೋಡಿದರು. ಆ ದಿನದ ಗೆರೆ ಒಂದಕ್ಕೊಂದು ಸಂಬಂಧವಿಲ್ಲದ ಏರಿಳಿತಗಳ ಗೋಜಲು. ಅವರ ಶೆಡ್ಡಿನಲ್ಲಿ ಅಂಥದ್ದು ಬಂದಿದ್ದರೆ ಮಗ್ಗ ನಿಲ್ಲಿಸಿ ಬಟ್ಟೆ ಬಿಚ್ಚಿಸುತ್ತಿದ್ದರು.

"ಹೆಂಗೈತೆ ಅಜ್ಜ?" ಎಂದು ಸಿಸ್ಟರ್ ಕೆಣಕಿದರು.

"ನೀವ್ ಹೇಳ್ಬೇಕು ತಾಯಿ," ಎಂದರು ಮಾವ. "ನಾನು ಹೇಳಲ್ಲ."

"ಚೆನ್ನಾಗೈತೆ."

ಮಾವ ಕನ್ನಡಕ ತೆಗೆದರು, ಒರೆಸಿಕೊಳ್ಳಲು ಗೌನಿನಡಿ ಶರ್ಟಿನ ಅಂಚು ಹುಡುಕಿದರು, ಸಿಗಲಿಲ್ಲ.

ಎಂಟನೇ ದಿನ ವೈರು ತೆಗೆದರು. ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಅಂಟು ಬಿಡಿಸಿದರು. ಯಂತ್ರವನ್ನು ಚಕ್ರದ ಮೇಲೆ ಉರುಳಿಸಿಕೊಂಡು ಇನ್ನೊಂದು ಮಗುವಿನ ಹತ್ತಿರ ಒಯ್ದರು. ಆ ಮಗುವಿನ ತಾಯಿ ಗೋಡೆ ಹಿಡಿದು ನಿಂತಿದ್ದಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಹೌದು, ಅದೇ.

"ಇನ್ಮೇಲೆ ಒಳಗೇನಾಗ್ತಿದೆ ಅಂತ ನಮಗೆ ಹೆಂಗೆ ಗೊತ್ತಾಗುತ್ತೆ ಡಾಕ್ಟ್ರೇ?" ಎಂದು ಕೇಳಿದೆ.

"ನನ್ನ ಮಗನ ತಲೇಲಿ ಏನಿದೆ ಅಂತ ನಂಗೂ ಗೊತ್ತಾಗಲ್ಲಮ್ಮ," ಎಂದರು ಅವರು. "ಮಕ್ಕಳೇ ತೋರಿಸ್ಬೇಕು. ಕಾಯಿರಿ."

ಮಗಳಿಗೆ ಈಗ ಎರಡು ದಾಟಿದೆ. ನಡೆದದ್ದು ತಡವಾಗಿ. ಎಡಗೈಗಿಂತ ಬಲಗೈ ಸ್ವಲ್ಪ ಸೋಮಾರಿ, ಅದಕ್ಕೆ ವ್ಯಾಯಾಮ ಮಾಡಿಸುತ್ತೇವೆ. ಮಾತು ಹತ್ತಿಪ್ಪತ್ತು. ನಮ್ಮನ್ನೆಲ್ಲ ಗುರುತು ಹಿಡಿಯುತ್ತಾಳೆ, ಮಾವನನ್ನು ಕಂಡರೆ ಕನ್ನಡಕಕ್ಕೆ ಕೈ ಹಾಕುತ್ತಾಳೆ. ಸ್ಕೂಲಿಗೆ ಹೋಗುವ ತನಕ ಇನ್ನೂ ನೋಡಬೇಕು ಎನ್ನುತ್ತಾರೆ ಡಾಕ್ಟರಮ್ಮ.

ಒಮ್ಮೊಮ್ಮೆ ಅವಳು ಆಡುತ್ತಿದ್ದವಳು ನಿಂತುಬಿಡುತ್ತಾಳೆ. ಇವತ್ತು ಮಧ್ಯಾಹ್ನವೂ ಹಾಗೇ ಆಯಿತು. ಅಂಗಳದಲ್ಲಿ ಬಟ್ಟಲಿಂದ ಬಟ್ಟಲಿಗೆ ನೀರು ಸುರಿಯುತ್ತಿದ್ದವಳು ಕೈ ಎತ್ತಿದಂತೆಯೇ ನಿಂತಳು. ಕಣ್ಣು ಎಲ್ಲೋ ನೆಟ್ಟಿತ್ತು. ಮೊದಲಾಗಿದ್ದರೆ ಮತ್ತೆ ಫಿಟ್ಸೇನೋ ಎಂದು ಓಡಿಹೋಗಿ ಗಲ್ಲ ಹಿಡಿದು ಅಲುಗಿಸಿ ಹೆಸರು ಕೂಗುತ್ತಿದ್ದೆ. ಇವತ್ತು ಬಾಗಿಲಲ್ಲೇ ನಿಂತೆ. ಅವಳ ನೆತ್ತಿಯನ್ನೇ ನೋಡುತ್ತಾ. ಎಣ್ಣೆ ಹಚ್ಚಿ ಬಾಚಿದ ಕೂದಲು, ಬಿಸಿಲು. ಏನೂ ಕಾಣುವುದಿಲ್ಲ.

ಆಮೇಲೆ ಅವಳು ನನ್ನ ಕಡೆ ತಿರುಗಿ, "ಹೋಯ್ತು," ಎಂದಳು.

"ಏನು ಕಂದಾ ಹೋಯ್ತು?"

ಹೇಳಲಿಲ್ಲ. ಬಟ್ಟಲು ಎತ್ತಿಕೊಂಡು ಮತ್ತೆ ನೀರು ಸುರಿಯತೊಡಗಿದಳು.